ಗಲ್ಲಾ ಸರಿ ಇದೆ, ಸಾಮಾನು ಇಲ್ಲ: ಅಂಗಡಿ ಒಳಗಿನ ಕಳ್ಳತನ ಪತ್ತೆ ಮಾಡುವ ಬಗೆ

"ಸರ್, ಸ್ಟಾಕ್ ಕಮ್ಮಿ ಬರ್ತಾ ಇದೆ. ಹುಡುಗರೇ ಕದೀತಿದಾರೆ. ಒಂದು ಸಲ ಬಂದು ನೋಡಿ ಹೋಗ್ತೀರಾ?"

ಇಂಥ ಫೋನ್ ತಿಂಗಳಿಗೆ ಒಂದಾದರೂ ಬರುತ್ತದೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆಯ ಸಣ್ಣ ಸೂಪರ್ ಮಾರ್ಕೆಟ್ಟು, ಕಿರಾಣಿ ಅಂಗಡಿಗಳ ಲೆಕ್ಕ ಮತ್ತು ಸ್ಟಾಕ್ ನೋಡುವುದು ನನ್ನ ಕೆಲಸ. ಯಜಮಾನರು ಹೇಳಿದ್ದರಲ್ಲಿ ಮೊದಲನೆಯದು ದೂರು, ಎರಡನೆಯದು ತೀರ್ಪು. ಎರಡರ ನಡುವೆ ಮಾಡಬೇಕಾದ ಕೆಲಸ ಬಹಳ ಇದೆ, ಅದನ್ನು ಯಾರೂ ಮಾಡಿರುವುದಿಲ್ಲ. ಮನೆಯಲ್ಲಿ ಫ್ಯೂಸ್ ಪದೇ ಪದೇ ಹೋಗ್ತಿದ್ದರೆ ಎಲೆಕ್ಟ್ರಿಷಿಯನ್ ಬಂದವನೇ ಗೋಡೆ ಒಡೆಯುವುದಿಲ್ಲ, ಅಲ್ವಾ? ಒಂದೊಂದೇ ಲೈನ್ ಆಫ್ ಮಾಡಿ, ಯಾವುದನ್ನು ಹಾಕಿದಾಗ ಹೋಗುತ್ತದೆ ಅಂತ ನೋಡುತ್ತಾನೆ. ಇಲ್ಲೂ ಅಷ್ಟೇ. ಕಳ್ಳತನ ಅನ್ನುವ ಮಾತು ಕೊನೆಗೆ ಬರಬೇಕು, ಉಳಿದದ್ದನ್ನೆಲ್ಲ ತೆಗೆದು ಹಾಕಿದ ಮೇಲೆ.

ಕಮ್ಮಿ ಆಗಿರುವುದು ಏನು?

ಮೂರು ಬೇರೆ ಬೇರೆ ಕಾಯಿಲೆಗೆ ಯಜಮಾನರು ಒಂದೇ ಹೆಸರು ಇಡುತ್ತಾರೆ. ಗಲ್ಲಾದಲ್ಲಿ ದುಡ್ಡು ಕಮ್ಮಿ ಬರುವುದು ಒಂದು. ಕಂಪ್ಯೂಟರಿನಲ್ಲಿ 40 ತೋರಿಸುತ್ತಿದ್ದು ರ‍್ಯಾಕಿನಲ್ಲಿ 33 ಇರುವುದು ಇನ್ನೊಂದು. ದುಡ್ಡೂ ಸರಿ, ಸ್ಟಾಕೂ ಸರಿ, ತಿಂಗಳ ಕೊನೆಗೆ ಲಾಭ ಮಾತ್ರ ಇಳಿದಿರುವುದು ಮೂರನೆಯದು.

ಮೂರನೆಯದರಲ್ಲಿ ಕಳ್ಳತನ ಅಪರೂಪ. ಖರೀದಿ ರೇಟು ಏರಿದೆ, ಮಾರುವ ರೇಟು ಯಾರೂ ಬದಲಿಸಿಲ್ಲ. ಇಲ್ಲವೇ ಕೌಂಟರಿನಲ್ಲಿ ಕೇಳಿದವರಿಗೆಲ್ಲ ಡಿಸ್ಕೌಂಟ್ ಕೊಡುತ್ತಿದ್ದಾರೆ. ರೇಟ್ ಲಿಸ್ಟ್ ಹಿಡಿದು ಒಂದು ಮಧ್ಯಾಹ್ನ ಕೂತರೆ ಗೊತ್ತಾಗುತ್ತದೆ.

ಗಲ್ಲಾ ಕಮ್ಮಿ ಬಂದರೆ ಯಜಮಾನರಿಗೆ ತಲೆ ಕೆಡುತ್ತದೆ. ನನಗೆ ಅಷ್ಟು ಕೆಡುವುದಿಲ್ಲ. ಚಿಲ್ಲರೆ ಕೊಡುವಾಗ ತಪ್ಪಾಗಿದೆ, ಫೋನ್‌ಪೇಯಲ್ಲಿ ಬಂದ ಬಿಲ್ಲನ್ನು ಕ್ಯಾಶ್ ಅಂತ ಒತ್ತಿದ್ದಾರೆ, ಹಾಲಿನವನಿಗೆ ಕೊಟ್ಟ 800 ರೂಪಾಯಿ ಬರೆದಿಲ್ಲ. ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಯೋಚಿಸಿ ನೋಡಿ, ರಾತ್ರಿ ಗಲ್ಲಾ ಎಣಿಸುತ್ತಾರೆ ಅಂತ ಕೌಂಟರಿನಲ್ಲಿ ಕೂತವನಿಗೆ ಗೊತ್ತಿಲ್ಲವೇ? ತಲೆ ಇರುವವನು ಕಂಪ್ಯೂಟರಿಗೆ ಗೊತ್ತಿರುವ ದುಡ್ಡು ಮುಟ್ಟುವುದಿಲ್ಲ. ಗೊತ್ತಿಲ್ಲದ ದುಡ್ಡು ಮುಟ್ಟುತ್ತಾನೆ. ಬಿಲ್ ಹಾಕದೆ ಮಾರಿದ್ದು, ಇಲ್ಲವೇ ಹಾಕಿ ಆಮೇಲೆ ಕ್ಯಾನ್ಸಲ್ ಮಾಡಿದ್ದು. ಅವನ ಗಲ್ಲಾ ರಾತ್ರಿ ಸರಿಯಾಗಿ ಟ್ಯಾಲಿ ಆಗುತ್ತದೆ. ಕೊರತೆ ಬರುವುದು ರ‍್ಯಾಕಿನಲ್ಲಿ.

ಹಾಗಾಗಿ ನಾನು ಹೆದರುವುದು ಎರಡು ಲಕ್ಷಣಕ್ಕೆ. ತಿಂಗಳುಗಟ್ಟಲೆ ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲದೆ ಟ್ಯಾಲಿ ಆಗುವ ಗಲ್ಲಾ ಮೊದಲನೆಯದು. ದಿನಕ್ಕೆ ಇನ್ನೂರು ಮುನ್ನೂರು ಬಿಲ್ ಹಾಕುವ ಮನುಷ್ಯನಿಗೆ ಐದು ಹತ್ತು ರೂಪಾಯಿ ಆಚೀಚೆ ಆಗಲೇಬೇಕು. ಮಧ್ಯಾಹ್ನ ದಿಢೀರ್ ಅಂತ ಎಣಿಸಿದಾಗ ದುಡ್ಡು ಜಾಸ್ತಿ ಇರುವುದು ಎರಡನೆಯದು. ಕಮ್ಮಿ ಅಲ್ಲ, ಜಾಸ್ತಿ. ರಾತ್ರಿ ಎಣಿಸುವ ಮುಂಚೆ ಆ ಜಾಸ್ತಿ ಎಲ್ಲಿಗೋ ಹೋಗಲಿಕ್ಕಿದೆ ಅಂತ ಅರ್ಥ.

ಕಳ್ಳ ಅನ್ನುವ ಮುಂಚೆ

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಅಂಗಡಿಯಲ್ಲಿ ಅರ್ಧ ಲೀಟರ್ ತುಪ್ಪದ ಡಬ್ಬಿ 20 ಕಮ್ಮಿ ಬಂತು. ಆ ರ‍್ಯಾಕ್ ನೋಡಿಕೊಳ್ಳುತ್ತಿದ್ದವನು ಹರಪನಹಳ್ಳಿ ಕಡೆಯ ಹುಡುಗ. ನಾನು ಕೊರತೆ ಪಟ್ಟಿ ಕೊಟ್ಟೆ, ಯಜಮಾನರು ಅವನನ್ನು ಬಿಡಿಸಿದರು. ಎರಡು ತಿಂಗಳು ಕಳೆದು ಹಳೇ ಚಲನ್ ಕಟ್ಟು ಬಿಚ್ಚಿದಾಗ ಗೊತ್ತಾಯಿತು, ಡಿಸ್ಟ್ರಿಬ್ಯೂಟರ್ ಗಾಡಿಯಿಂದ ಇಳಿದಿದ್ದು ಮೂರು ಕೇಸು, ನಾವು ಸಹಿ ಹಾಕಿದ್ದು ನಾಲ್ಕಕ್ಕೆ. ಒಂದು ಕೇಸಿಗೆ 20 ಡಬ್ಬಿ. ಕೊರತೆಯೂ ಸರಿಯಾಗಿ 20! ಆ ನಂಬರೇ ಕೂಗಿ ಹೇಳುತ್ತಿತ್ತು, ನನಗೆ ಕೇಳಲಿಲ್ಲ.

ಅಂದಿನಿಂದ ಮೊದಲು ನೋಡುವುದು ಕೊರತೆಯ ನಂಬರ್. 12, 20, 24, 48 ಹೀಗೆ ಕೇಸಿನ ಲೆಕ್ಕಕ್ಕೆ ಸರಿಯಾಗಿ ಕೂತರೆ ತಪ್ಪು ಹೆಚ್ಚಾಗಿ ಕಾಗದದಲ್ಲಿದೆ. ಕೈ ಹಾಕಿ ತೆಗೆದ ಸಾಮಾನು 7, 11, 13 ಅಂತ ಅಡ್ಡಾದಿಡ್ಡಿ ಬರುತ್ತದೆ, ವಾರ ವಾರ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ.

ಆಮೇಲೆ ಎರಡು ಕೋಡಿನ ಗೋಳು. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು, ತುಪ್ಪ ಎಲ್ಲದರ ಜಿಎಸ್‌ಟಿ ಶೇ 5ಕ್ಕೆ ಇಳಿಯಿತಲ್ಲ, ಆಗ ಅದೇ ಸೋಪು ಹಳೇ ಎಂಆರ್‌ಪಿಯಲ್ಲಿ ಒಂದು ಸಾಲು, ಹೊಸ ಎಂಆರ್‌ಪಿಯಲ್ಲಿ ಇನ್ನೊಂದು ಸಾಲು ಅಂತ ಕಂಪ್ಯೂಟರಿನಲ್ಲಿ ಕೂತಿತು. ಕೌಂಟರಿನ ಹುಡುಗ ಯಾವುದು ಮೊದಲು ಬಂತೋ ಅದನ್ನು ಒತ್ತುತ್ತಾನೆ. ಒಂದು ಸಾಲಿನ ಸ್ಟಾಕ್ ಮೈನಸ್ 18, ಇನ್ನೊಂದು ಸಾಲು ನಿಜಕ್ಕೂ ಇರುವುದಕ್ಕಿಂತ 18 ಜಾಸ್ತಿ ತೋರಿಸುತ್ತದೆ, ಅದೇ 18 ಕೊರತೆ ಅಂತ ಕಾಣುತ್ತದೆ. ಎರಡನ್ನೂ ಕೂಡಿಸಿದರೆ ಸೊನ್ನೆ. ಇಷ್ಟಕ್ಕೇ ಒಂದು ಅಂಗಡಿಯಲ್ಲಿ ಹುಡುಗರ ಬ್ಯಾಗ್ ಚೆಕ್ ಮಾಡಲು ಶುರು ಮಾಡಿದ್ದರು. ಮೈನಸ್ ಸ್ಟಾಕ್ ಪಟ್ಟಿ ತೆಗೆಯದೆ ಕೊರತೆ ಪಟ್ಟಿ ನೋಡಲೇಬೇಡಿ.

ಲೂಸ್ ಸಾಮಾನಿನದು ಬೇರೆ ಕಥೆ. ಬೆಲ್ಲ, ಈರುಳ್ಳಿ ಒಣಗಿ ತೂಕ ಇಳಿಯುತ್ತದೆ. ದೊಡ್ಡ ಚೀಲ ಬಿಚ್ಚಿ ಅರ್ಧ ಕೆಜಿ ಪ್ಯಾಕೆಟ್ ಕಟ್ಟುವಾಗ ಪ್ರತಿ ಪ್ಯಾಕೆಟ್ಟಿಗೆ ನಾಲ್ಕೈದು ಗ್ರಾಂ ಜಾಸ್ತಿ ಬಿದ್ದರೂ ಚೀಲದ ಕೊನೆಗೆ ಲೆಕ್ಕ ಸೇರುವುದಿಲ್ಲ. ತಕ್ಕಡಿಯೇ ತಪ್ಪು ತೋರಿಸುತ್ತಿರಬಹುದು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ತೂಕ-ಅಳತೆ ಇಲಾಖೆಯ ಮುದ್ರೆ ಆಗಬೇಕು, ಕೊನೆಯ ಮುದ್ರೆ ಯಾವಾಗ ಆಯಿತು ಅಂತ ನೋಡಿ. ಇಲಿಯನ್ನೂ ಮರೆಯಬೇಡಿ. ಎಕ್ಸ್‌ಪೈರಿ ಸಾಮಾನನ್ನು ಸೇಲ್ಸ್‌ಮನ್ ವಾಪಸ್ ಒಯ್ದು ಕ್ರೆಡಿಟ್ ನೋಟ್ ಕೊಡದೆ ಓಡಾಡಿಸುತ್ತಿದ್ದರೆ ಅದೂ ಕೊರತೆಯೇ. ಗಿರಾಕಿಗಳು ಜೇಬಿಗೆ ಹಾಕುವುದು ಇದ್ದೇ ಇದೆ.

ಕೊನೆಗೆ ಒಂದು ಪ್ರಶ್ನೆ ಕೇಳಲೇಬೇಕು, ಸ್ವಲ್ಪ ಮುಜುಗರ ಆಗುತ್ತದೆ: "ಯಜಮಾನ್ರೇ, ನಿಮ್ಮ ಮನೆಗೆ ಹೋಗೋ ಸಾಮಾನಿಗೆ ಬಿಲ್ ಹಾಕ್ತೀರಾ?" ಎಲ್ಲರೂ ಹಾಕುತ್ತೇವೆ ಅಂತಲೇ ಹೇಳುತ್ತಾರೆ.

ಹದಿನೈದು ಐಟಂ, ಎರಡು ವಾರ

ಇಷ್ಟೆಲ್ಲ ತೆಗೆದ ಮೇಲೂ ಕೊರತೆ ಉಳಿಯಿತಾ? ಈಗ ಲೈನ್ ಆಫ್ ಮಾಡುವ ಕೆಲಸ.

ಇಡೀ ಅಂಗಡಿ ಎಣಿಸಲು ಹೋಗಬೇಡಿ. ಒಂದು ಭಾನುವಾರ ಪೂರ್ತಿ ಹೋಗುತ್ತದೆ, ಎಲ್ಲರಿಗೂ ಸುದ್ದಿ ಹರಡುತ್ತದೆ, ಸಿಗುವುದು ಒಂದು ದೊಡ್ಡ ನಂಬರ್ ಮಾತ್ರ, ಯಾವಾಗ ಹೋಯಿತು ಅಂತ ಅದು ಹೇಳುವುದಿಲ್ಲ. ಬದಲಿಗೆ ಚಿಕ್ಕದಾದ, ದುಬಾರಿಯಾದ, ಹೊರಗೆ ಸುಲಭವಾಗಿ ದುಡ್ಡಾಗುವ ಹದಿನೈದು ಐಟಂ ಆರಿಸಿ. ತುಪ್ಪ, ಗೋಡಂಬಿ, ಬಾದಾಮಿ, ಏಲಕ್ಕಿ, ಮಕ್ಕಳ ಹಾಲಿನ ಪುಡಿ, ಶೇವಿಂಗ್ ಕಾರ್ಟ್ರಿಡ್ಜ್, ದೊಡ್ಡ ಚಾಕೊಲೇಟ್, ಸೆಂಟು. ಪ್ರತಿ ರಾತ್ರಿ ಬಾಗಿಲು ಹಾಕುವಾಗ ಎಣಿಸಿ, ಬೆಳಿಗ್ಗೆ ತೆಗೆದ ಕೂಡಲೇ ಮತ್ತೆ ಎಣಿಸಿ. ಎಣಿಸಲು ಇಬ್ಬರಿರಲಿ, ಕಂಪ್ಯೂಟರಿನ ನಂಬರ್ ಇಬ್ಬರಿಗೂ ತೋರಿಸಬೇಡಿ. 40 ಅಂತ ಗೊತ್ತಿದ್ದರೆ 38 ಎಣಿಸಿದವನೂ 40 ಅಂತಲೇ ಬರೆಯುತ್ತಾನೆ. ಕಳ್ಳನಲ್ಲ ಪಾಪ, ಸುಮ್ನೆ ಸೋಮಾರಿ.

ಲೆಕ್ಕ ಸರಳ. ಬೆಳಿಗ್ಗೆ ಇದ್ದದ್ದು, ಜೊತೆಗೆ ಆವತ್ತು ಬಂದದ್ದು, ಅದರಲ್ಲಿ ಬಿಲ್ ಆದದ್ದು ಕಳೆದರೆ ರಾತ್ರಿ ಇಷ್ಟು ಇರಬೇಕು. ಇಲ್ಲದಿದ್ದರೆ ಹೋಗಿದ್ದು ಹಗಲಲ್ಲಿ. ರಾತ್ರಿ 22 ಇದ್ದದ್ದು ಬೆಳಿಗ್ಗೆ 20 ಆದರೆ ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಿ, ಗಿರಾಕಿಗಳ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು. ಎರಡು ವಾರದ ಹಾಳೆಯ ಪಕ್ಕ ಹಾಜರಿ ಪುಸ್ತಕ ಇಡಿ. ಕೊರತೆ ಬಂದ ದಿನ ಯಾರಿದ್ದರು, ಬರದ ದಿನ ಯಾರು ರಜೆ.

ಇಲ್ಲಿ ಒಂದು ಎಚ್ಚರಿಕೆ. ಎಂಟು ಜನ ಇರುವ ಅಂಗಡಿಯಲ್ಲಿ ಕೊರತೆ ಬಂದ ನಾಲ್ಕೂ ದಿನ ಯಾರೋ ಒಬ್ಬರು ಇದ್ದೇ ಇರುತ್ತಾರೆ. ಅದು ಸಾಕ್ಷಿ ಅಲ್ಲ. ಎಲ್ಲಿ ನೋಡಬೇಕು ಅಂತ ತೋರಿಸುತ್ತದೆ, ಅಷ್ಟೇ.

ಬಿಲ್ಲಿಂಗ್ ಕೌಂಟರ್

ಅಮೆರಿಕದ ಒಹಾಯೋ ರಾಜ್ಯದ ಡೇಟನ್ ಊರಿನಲ್ಲಿ ಜೇಮ್ಸ್ ರಿಟಿ ಅಂತ ಒಬ್ಬ ಹೆಂಡದಂಗಡಿಯವನಿದ್ದ. ಕೆಲಸದವರು ದುಡ್ಡು ಹೊಡೆಯುತ್ತಿದ್ದಾರೆ ಅಂತ ತಲೆ ಕೆಟ್ಟು, ಸೋದರನ ಜೊತೆ ಸೇರಿ 1879ರಲ್ಲಿ ಕ್ಯಾಶ್ ರಿಜಿಸ್ಟರ್ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ನಾವು ಇವತ್ತು ಬಳಸುವ ಬಿಲ್ಲಿಂಗ್ ಮೆಷಿನ್ ಹುಟ್ಟಿದ್ದೇ ಈ ಕಾಯಿಲೆಗೆ ಔಷಧಿಯಾಗಿ. ಕಾಯಿಲೆಯೂ ಮೆಷಿನ್ ಜೊತೆಗೇ ಬೆಳೆದಿದೆ.

ಮೊದಲು ನೋಡಬೇಕಾದ್ದು ಪಾಸ್‌ವರ್ಡ್. ನಾನು ಹೋಗುವ ಅಂಗಡಿಗಳಲ್ಲಿ ಮೂರು ಕೌಂಟರೂ 'ಅಡ್ಮಿನ್' ಹೆಸರಿನಲ್ಲೇ ಓಡುತ್ತಿರುತ್ತವೆ, ಪಾಸ್‌ವರ್ಡ್ ಮಾನಿಟರ್ ಕೆಳಗೆ ಚೀಟಿಯಲ್ಲಿ ಅಂಟಿಸಿರುತ್ತದೆ. ಹೀಗಿದ್ದರೆ ತನಿಖೆ ಮಾಡಲು ಏನೂ ಉಳಿದಿಲ್ಲ, ಯಾರು ಏನು ಮಾಡಿದರೂ ಅಡ್ಮಿನ್ ಮಾಡಿದ್ದು. ಆವತ್ತೇ ಎಲ್ಲರಿಗೂ ಬೇರೆ ಬೇರೆ ಹೆಸರು ಮಾಡಿಸಿ, ಒಂದು ತಿಂಗಳು ಕಾಯಿರಿ.

ಆಮೇಲೆ ಕ್ಯಾನ್ಸಲ್ ಬಿಲ್ಲುಗಳ ರಿಪೋರ್ಟ್. ಬಿಲ್ ಕ್ಯಾನ್ಸಲ್ ಮಾಡಿದ ಕ್ಷಣ ಕಂಪ್ಯೂಟರಿನಲ್ಲಿ ಸಾಮಾನು ವಾಪಸ್ ರ‍್ಯಾಕಿಗೆ ಬಂದು ಕೂರುತ್ತದೆ. ನಿಜವಾದ ಸಾಮಾನು ಆಗಲೇ ಗಿರಾಕಿಯ ಸ್ಕೂಟರ್ ಹತ್ತಿ ಹೋಗಿರುತ್ತದೆ. ದುಡ್ಡು ಗಲ್ಲಾದಲ್ಲಿ ಜಾಸ್ತಿ. ಗಿರಾಕಿ ಇಲ್ಲದೆ ಹಾಕಿದ ರಿಟರ್ನ್ ಕೂಡ ಇದೇ ಜಾತಿ. ರಿಪೋರ್ಟನ್ನು ಮೂರು ರೀತಿ ಜೋಡಿಸಿ ನೋಡಿ. ಯಾರ ಹೆಸರಿನಲ್ಲಿ, ಎಷ್ಟು ಗಂಟೆಗೆ, ಕ್ಯಾಶೋ ಯುಪಿಐಯೋ.

ಹರಿಹರದ ಕಡೆಯ ಒಂದು ಅಂಗಡಿಯ ಲೆಕ್ಕ ಹೇಳುತ್ತೇನೆ. ಎರಡು ಕೌಂಟರಿನಲ್ಲಿ ತಿಂಗಳಿಗೆ ಆರು ಏಳು ಕ್ಯಾನ್ಸಲ್. ಮೂರನೆಯದರಲ್ಲಿ 31. ಅದರಲ್ಲಿ 27 ಕ್ಯಾಶ್. 22 ಬಿಲ್ಲುಗಳು ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ಒಳಗೆ, ಯಜಮಾನರು ಊಟಕ್ಕೆ ಮನೆಗೆ ಹೋಗುವ ಹೊತ್ತು. ಇಷ್ಟು ನೋಡಿದರೆ ಯಾರಿಗಾದರೂ ಕೈ ತುರಿಸುತ್ತದೆ. ಆದರೆ ತಡೆಯಿರಿ. ಯುಪಿಐ ಪೆಂಡಿಂಗ್ ಆಗಿ ಬಿಲ್ ತೆಗೆದು ಮತ್ತೆ ಹಾಕುವುದು ದಿನಾ ನಡೆಯುತ್ತದೆ. ಕ್ಯಾನ್ಸಲ್ ಆದ ಪ್ರತಿ ಬಿಲ್ಲಿನ ಮುಂದಿನ ಐದು ನಿಮಿಷದಲ್ಲಿ ಅದೇ ಸಾಮಾನುಗಳ ಇನ್ನೊಂದು ಬಿಲ್ ಇದೆಯಾ ಅಂತ ಹುಡುಕಿ. 31ರಲ್ಲಿ 9ಕ್ಕೆ ಜೋಡಿ ಸಿಕ್ಕಿತು. ಉಳಿದದ್ದು 22.

ಮಾರನೇ ದಿನ ಸಂಜೆ ಆರಕ್ಕೆ, ಬ್ಯಾಂಕಿಗೆ 500ರ ನೋಟು ಕಟ್ಟಬೇಕು ಅಂತ ನೆಪ ಹೇಳಿ ಮೂರೂ ಗಲ್ಲಾ ಎಣಿಸಿದೆವು. ಮೂರನ್ನೂ ಎಣಿಸಬೇಕು, ಒಬ್ಬನದನ್ನೇ ಎಣಿಸಿದರೆ ಬೆಟ್ಟು ತೋರಿಸಿದ ಹಾಗೆ. ಮೊದಲ ಎರಡರಲ್ಲಿ ಹತ್ತು ಹನ್ನೆರಡು ರೂಪಾಯಿ ವ್ಯತ್ಯಾಸ. ಮೂರನೆಯದರಲ್ಲಿ 710 ಜಾಸ್ತಿ. ಒಂದು ರೂಪಾಯಿ ನಾಣ್ಯದ ಖಾನೆಯ ಅಂಚಿಗೆ, ಒಂದರ ಪಕ್ಕ ಒಂದು ನೀಟಾಗಿ ಜೋಡಿಸಿದ ಏಳು ಬೆಂಕಿಕಡ್ಡಿ. ಕಡ್ಡಿ ಒಂದಕ್ಕೂ ಸುಟ್ಟ ಗುರುತಿಲ್ಲ. ಕೌಂಟರಿನಲ್ಲಿ ಬೆಂಕಿಪೊಟ್ಟಣವೂ ಇಲ್ಲ. ನೂರಕ್ಕೆ ಒಂದು ಕಡ್ಡಿ. ಎಷ್ಟು ತೆಗೆಯಬೇಕು ಅಂತ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ ನೋಡಿ, ಅದಕ್ಕೆ ಈ ಲೆಕ್ಕ. ಬೇರೆ ಕಡೆ ಕಡಲೆ, ಚಾಕೊಲೇಟ್ ಕಾಗದ, ತಿರುಗಿಸಿ ಇಟ್ಟ ನಾಣ್ಯವನ್ನೂ ಕಂಡಿದ್ದೇನೆ. ಆವತ್ತು ನಾವು ಏನೂ ಮಾತಾಡಲಿಲ್ಲ. ಫೋಟೋ ತೆಗೆದು, ದುಡ್ಡು ಬರೆದುಕೊಂಡು, ಡ್ರಾಯರ್ ತಳ್ಳಿದೆವು.

ಉಳಿದ ಕೈಚಳಕಗಳನ್ನು ಬೇಗ ಹೇಳುತ್ತೇನೆ. ಗೆಳೆಯ ಬಂದಾಗ ಬಾದಾಮಿ ಪ್ಯಾಕೆಟ್ ಕೈಯಲ್ಲಿ ಹಿಡಿದು ಅಂಗೈಯಲ್ಲಿರುವ ಕಡಲೆಬೇಳೆಯ ಬಾರ್‌ಕೋಡ್ ಸ್ಕ್ಯಾನ್ ಮಾಡುವುದು. ಅಂಗಡಿಯಲ್ಲೇ ತೂಗಿ ಅಂಟಿಸುವ ಲೇಬಲ್‌ನಲ್ಲಿ ಇದು ಸುಲಭ, ಕಂಪನಿ ಪ್ಯಾಕೆಟ್ಟಿನ ಮೇಲೆ 890 ಅಂತ ಶುರುವಾಗುವ ಕೋಡ್ ಇದ್ದರೆ ಕಷ್ಟ. ಬಿಲ್ ಬದಲು ಎಸ್ಟಿಮೇಟ್ ಪ್ರಿಂಟ್ (ಮಾರಾಟದ ಲೆಕ್ಕಕ್ಕೆ ಸೇರದ ಅಂದಾಜು ಚೀಟಿ) ಕೊಡುವುದು ಇನ್ನೊಂದು. ಪಾಯಿಂಟ್ಸ್ ಬೇಡ ಅಂದ ಗಿರಾಕಿಯ ಪಾಯಿಂಟ್ಸನ್ನು ತನ್ನ ನಂಬರಿಗೆ ಹಾಕಿಕೊಳ್ಳುವುದು ಮತ್ತೊಂದು. ಇತ್ತೀಚೆಗೆ ಕ್ಯೂಆರ್ ಸ್ಟಿಕ್ಕರ್ ಮೇಲೆ ತನ್ನ ಸ್ಟಿಕ್ಕರ್ ಇಡುವುದು ಶುರುವಾಗಿದೆ. ದುಡ್ಡು ಬಂತು ಅಂತ ಕೂಗುವ ಪೆಟ್ಟಿಗೆ ಆವತ್ತು ಕೂಗುವುದಿಲ್ಲ, "ನೆಟ್‌ವರ್ಕ್ ಇಲ್ಲ ಅಣ್ಣಾ" ಅನ್ನುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೀವೇ ಒಂದು ರೂಪಾಯಿ ಹಾಕಿ, ಯಾರ ಹೆಸರು ಬರುತ್ತದೆ ನೋಡಿ. ಬಿಲ್ ನಂಬರುಗಳ ಸಾಲಿನಲ್ಲಿ ತೂತು ಇದೆಯಾ ಅದನ್ನೂ ನೋಡಿ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ನಂಬರ್ ಒಂದರ ಹಿಂದೆ ಒಂದು ಬರಬೇಕು. 4417 ಆದ ಮೇಲೆ 4419 ಬಂದಿದ್ದರೆ 4418 ಎಲ್ಲಿ ಅಂತ ಯಾರಾದರೂ ಹೇಳಲೇಬೇಕು.

ಕ್ಯಾಮೆರಾ

ಕ್ಯಾಮೆರಾ ಮೊದಲು ನೋಡಬಾರದು, ಕಾಗದ ಆದ ಮೇಲೆ ನೋಡಬೇಕು. ಸುಮ್ಮನೆ ಕೂತು ನೋಡಿದರೆ ಎಲ್ಲರೂ ಕಳ್ಳರ ಹಾಗೇ ಕಾಣುತ್ತಾರೆ. ಒಬ್ಬ ಜೇಬಿಗೆ ಕೈ ಹಾಕುತ್ತಾನೆ, ಒಬ್ಬಳು ಚೀಲ ಮುಚ್ಚುತ್ತಾಳೆ, ಅದಕ್ಕೆಲ್ಲ ಅರ್ಥ ಹಚ್ಚುತ್ತಾ ಕೂತರೆ ನಿಮ್ಮ ನಿದ್ದೆ ಹೋಗುತ್ತದೆ. ಕೈಯಲ್ಲಿ ಬಿಲ್ ನಂಬರ್, ತಾರೀಖು, ಸಮಯ ಇರಬೇಕು. ಆ ಐದು ನಿಮಿಷ ಮಾತ್ರ ನೋಡಬೇಕು.

ಎರಡು ಕೆಲಸ ಕೂಡಲೇ ಮಾಡಿ. ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ಗಡಿಯಾರ, ಬಿಲ್ಲಿಂಗ್ ಕಂಪ್ಯೂಟರಿನ ಗಡಿಯಾರ, ನಿಮ್ಮ ಮೊಬೈಲ್, ಮೂರನ್ನೂ ಒಂದೇ ಫೋಟೋದಲ್ಲಿ ಹಿಡಿಯಿರಿ. ಹರಿಹರದ ಅಂಗಡಿಯಲ್ಲಿ ಡಿವಿಆರ್ ಆರು ನಿಮಿಷ ಮುಂದಿತ್ತು. ನಾವು ಮೊದಲು ನೋಡಿದ ದೃಶ್ಯದಲ್ಲಿ ಕೌಂಟರಿನಲ್ಲಿ ಇದ್ದದ್ದು ಬೇರೆಯೇ ಗಿರಾಕಿ, ತಪ್ಪು ಜಾಗ ನೋಡಿ ಅರ್ಧ ಗಂಟೆ ತಲೆ ಕೆರೆದುಕೊಂಡೆವು. ಎರಡನೆಯದು, ಸಣ್ಣ ಅಂಗಡಿಯ ಡಿವಿಆರ್ ಕೆಲವು ವಾರಕ್ಕೆ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತದೆ. ಬೇಕಾದ ತುಣುಕುಗಳನ್ನು ಆವತ್ತೇ ಬೇರೆ ಕಡೆ ತೆಗೆದಿಡಿ. ಮೊಬೈಲಿನಲ್ಲಿ ಟಿವಿ ಪರದೆಯ ವಿಡಿಯೋ ಮಾಡಿದರೆ ನಡೆಯುವುದಿಲ್ಲ, ಡಿವಿಆರ್‌ನಿಂದಲೇ ಫೈಲ್ ಇಳಿಸಿ.

ಆರು ನಿಮಿಷ ಸರಿ ಮಾಡಿದ ಮೇಲೆ ಎಲ್ಲ ಕೂಡಿ ಬಂತು. ಬಿಲ್ 640 ರೂಪಾಯಿ, ಸಮಯ 8:52. ಹಸಿರು ಬುಟ್ಟಿ ಹಿಡಿದ ಹೆಂಗಸು 500ರದ್ದೊಂದು, 200ರದ್ದೊಂದು ನೋಟು ಕೊಡುತ್ತಾರೆ, ಚಿಲ್ಲರೆ ತೆಗೆದುಕೊಂಡು ಹೊರಡುತ್ತಾರೆ. ಬಿಲ್ ಕಾಗದ ಅವರಿಗೆ ಕೊಟ್ಟಿಲ್ಲ, ಮಡಚಿ ಕೀಬೋರ್ಡ್ ಕೆಳಗೆ ಇಟ್ಟಿದ್ದಾನೆ. 8:54ಕ್ಕೆ ಕೌಂಟರಿನಲ್ಲಿ ಯಾರೂ ಇಲ್ಲ. ಕ್ಯಾನ್ಸಲ್ ಆಗಿದ್ದು ಆಗಲೇ. ಕಾಗದ, ಗಲ್ಲಾ, ಕ್ಯಾಮೆರಾ ಮೂರೂ ಒಂದೇ ಮಾತು ಹೇಳಬೇಕು. ಎರಡು ಹೇಳಿದರೆ ಇನ್ನೂ ಕಾಯುತ್ತೇನೆ.

ಹಿಂಬಾಗಿಲು

ಇದು ಬೇಗ ಮುಗಿಯುತ್ತದೆ. ಗೋಡೌನಿನಲ್ಲಿ ಕದ್ದ ಸಾಮಾನು ಹೊರಗೆ ಹೋಗುವುದು ಖಾಲಿ ರಟ್ಟಿನ ಡಬ್ಬದಲ್ಲಿ ಇಲ್ಲವೇ ಕಸದ ಚೀಲದಲ್ಲಿ. ರಟ್ಟು ಬಿಚ್ಚಿ ಚಪ್ಪಟೆ ಮಾಡಿಯೇ ಹೊರಗೆ ಹಾಕಬೇಕು ಅಂತ ಮಾಡಿ. ಡ್ಯಾಮೇಜ್ ಅಂತ ಬರೆದ ಸಾಮಾನನ್ನು ಕಣ್ಣಾರೆ ನೋಡದೆ ತೆಗೆಯಬೇಡಿ, ಪ್ರತಿ ವಾರ ಒಡೆಯುವ ಬಾಟಲಿ ಯಾಕೆ ಯಾವಾಗಲೂ ದುಬಾರಿ ಎಣ್ಣೆಯದೇ ಆಗಿರುತ್ತದೆ? ಡಿಸ್ಟ್ರಿಬ್ಯೂಟರ್ ಗಾಡಿ ಬಂದಾಗ ಇಳಿಸುವವನು ಮತ್ತು ಸಹಿ ಹಾಕುವವನು ಬೇರೆ ಬೇರೆ ಇರಲಿ.

ಕೂರಿಸಿ ಮಾತಾಡುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಯಜಮಾನರಿಗೆ ಸಿಟ್ಟು. ಶಟರ್ ಎಳೆದು, ನಾಲ್ಕು ಜನ ಸುತ್ತ ನಿಂತು, ಮೊಬೈಲ್ ಕಿತ್ತುಕೊಂಡು, ಎರಡು ಬಿಟ್ಟು, ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸುವುದು. ಮಾರನೇ ದಿನ ಪೊಲೀಸ್ ಸ್ಟೇಷನ್‌ನಲ್ಲಿ ಕೂರುವವರು ಯಜಮಾನರು. ಹೋಗಗೊಡದೆ ಕೂಡಿ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಆಗಬಹುದು. ಹುಡುಗನ ಫೋಟೋ ಹಾಕಿ 'ಕಳ್ಳ ಇದ್ದಾನೆ ಎಚ್ಚರ' ಅಂತ ವ್ಯಾಪಾರಿಗಳ ವಾಟ್ಸ್ಆ್ಯಪ್ ಗ್ರೂಪಿಗೆ ಬಿಟ್ಟರೆ ಮಾನಹಾನಿ, 356ನೇ ಸೆಕ್ಷನ್, ಎರಡು ವರ್ಷದವರೆಗೆ.

ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು, ನಿಮ್ಮ ಕಡೆಯಿಂದ ಇಬ್ಬರೇ ಕೂರಿ. ಹೆಣ್ಣುಮಗಳಾದರೆ ಜೊತೆಗೆ ಒಬ್ಬ ಹೆಂಗಸು ಇರಲೇಬೇಕು, ಅಂಗಡಿ ಮುಚ್ಚಿದ ಮೇಲೆ ನಿಲ್ಲಿಸಿಕೊಳ್ಳಬೇಡಿ. ಮೊದಲು ಕೇಳುವುದು ಕೆಲಸದ ಬಗ್ಗೆ, ಅವನ ಬಗ್ಗೆ ಅಲ್ಲ. ಹರಿಹರದ ಮೂರನೇ ಕೌಂಟರಿನ ಹುಡುಗನ ಜೊತೆ ನಾನು ಮಾತಾಡಿದ್ದು ಹೀಗೆ.

"ನೋಡಪ್ಪಾ, ಬಿಲ್ ಕ್ಯಾನ್ಸಲ್ ಮಾಡೋದು ಯಾವಾಗ? ನನಗೊಂಚೂರು ಹೇಳು."

"ಯುಪಿಐ ಫೇಲ್ ಆದ್ರೆ ಸರ್. ಗಿರಾಕಿ ಬೇಡ ಅಂದ್ರೆ."

"ಬೇಡ ಅಂದ್ರೆ ಸಾಮಾನು?"

"ವಾಪಸ್ ರ‍್ಯಾಕಿಗೆ ಇಡ್ತೀವಿ ಸರ್."

"ದುಡ್ಡು?"

"ವಾಪಸ್ ಕೊಡ್ತೀವಿ."

ಈಗ 640ರ ಬಿಲ್ ಮುಂದಿಟ್ಟೆ. ಒಂದೇ ಬಿಲ್. 22 ಇದೆ ಅಂತ ಹೇಳಲಿಲ್ಲ. ಈ ಗಿರಾಕಿ ವಾಪಸ್ ಕೊಟ್ಟರಾ ಅಂತ ಕೇಳಿದೆ. ಅವನು ಬಿಲ್ ನೋಡಿದ, ಗಡಿಯಾರ ನೋಡಿದ, ಆಮೇಲೆ ಯಜಮಾನರ ಕಡೆ ತಿರುಗಿ "ಅಣ್ಣಾ, ಅವ್ವನ ಆಪರೇಷನ್ ಟೈಮಲ್ಲಿ ಶುರು ಆಯ್ತು" ಅಂದ. ಬಡ್ಡಿಗೆ ತಂದ ದುಡ್ಡಿತ್ತು. ಅಂಗಡಿಯಲ್ಲಿ ಅಡ್ವಾನ್ಸ್ ಕೇಳಿದಾಗ ಇಲ್ಲ ಅಂದಿದ್ದರು. ಎಷ್ಟು ಸಲ ಅಂದರೆ, ಲೆಕ್ಕ ಇಟ್ಟಿಲ್ಲ ಸರ್ ಅಂದ. ನಮ್ಮ 22 ಬಿಲ್ ಒಂದು ತಿಂಗಳದ್ದು ಮಾತ್ರ.

ಹೇಳಿದ್ದನ್ನು ಅವನೇ ತನ್ನ ಮಾತಿನಲ್ಲಿ, ತನ್ನ ಕೈಯಲ್ಲಿ ಬರೆಯಲಿ. ನೀವು ಹೇಳಿ ಬರೆಸಬೇಡಿ, ಮೊತ್ತವನ್ನು ಏರಿಸಬೇಡಿ. ಖಾಲಿ ಚೆಕ್ ತೆಗೆದುಕೊಳ್ಳಬೇಡಿ. "ಕೊಡದಿದ್ರೆ ಪೊಲೀಸಿಗೆ ಕೊಡ್ತೀನಿ, ಮನೆಯವರಿಗೆ ಹೇಳ್ತೀನಿ" ಅಂತ ದುಡ್ಡು ಕೀಳಲು ಹೋದರೆ ಕೇಸು ತಿರುಗಿ ನಿಮ್ಮ ಮೇಲೇ ಬರುತ್ತದೆ. ಸಂಬಳದಲ್ಲಿ ಹಿಡಿಯುವುದಾದರೂ ಮನಸ್ಸಿಗೆ ಬಂದ ಹಾಗೆ ಆಗುವುದಿಲ್ಲ. ವಿವರಣೆ ಕೊಡಲು ಅವನಿಗೆ ಅವಕಾಶ ಕೊಟ್ಟಿರಬೇಕು, 2019ರ ವೇತನ ಸಂಹಿತೆ ಪ್ರಕಾರ ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು.

ಕೆಲಸದಿಂದ ತೆಗೆಯುವುದಾದರೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಓದಿ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ. ವಿಚಾರಣೆ ನಡೆಸಿ, ತಪ್ಪಿಗೆ ಸಾಕ್ಷಿ ದಾಖಲಾಗಿದ್ದರೆ ಮಾತ್ರ ನೋಟಿಸ್ ಬೇಡ. ವಿಚಾರಣೆ ಅಂದರೆ ದೊಡ್ಡ ಕೋರ್ಟ್ ಅಲ್ಲ. ಆರೋಪ ಬರವಣಿಗೆಯಲ್ಲಿ ಕೊಡುವುದು, ಉತ್ತರ ತೆಗೆದುಕೊಳ್ಳುವುದು, ಸಾಕ್ಷಿ ತೋರಿಸುವುದು, ನಡೆದದ್ದನ್ನು ಬರೆದಿಡುವುದು.

ಪೊಲೀಸ್

2024ರ ಜುಲೈ 1ರಿಂದ ಐಪಿಸಿ ಹೋಗಿ ನ್ಯಾಯ ಸಂಹಿತೆ ಬಂದಿದೆ. ಕೆಲಸದವರು ರ‍್ಯಾಕಿನಿಂದ ಸಾಮಾನು ಎತ್ತಿದರೆ 306ನೇ ಸೆಕ್ಷನ್, ಮೊದಲು ಅದು 381 ಆಗಿತ್ತು. ನಂಬಿ ವಹಿಸಿದ ದುಡ್ಡನ್ನು ನುಂಗಿದರೆ 316ರ ನಾಲ್ಕನೇ ಉಪವಿಭಾಗ, ಮೊದಲಿನ 408. ಎರಡಕ್ಕೂ ಏಳು ವರ್ಷದವರೆಗೆ ಶಿಕ್ಷೆ ಇದೆ. ಯಾವುದು ಹಾಕಬೇಕು ಅನ್ನುವುದು ಅವರ ಕೆಲಸ, ನೀವು ನಡೆದದ್ದನ್ನು ತಾರೀಖು ಸಮೇತ ಬರೆದುಕೊಡಿ. ಕ್ಯಾಮೆರಾ ಫೈಲ್ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ನಂಬರ್ (ಫೈಲಿನ ಬೆರಳಚ್ಚು ಇದ್ದ ಹಾಗೆ, ಫೈಲ್ ಬದಲಾದರೆ ಅದೂ ಬದಲಾಗುತ್ತದೆ) ಬರೆಯಬೇಕು. ಕ್ಯಾಮೆರಾ ಹಾಕಿದ ಹುಡುಗನನ್ನು ಕರೆಸಿ ಮಾಡಿಸಿ. ಬರೀ ಪೆನ್‌ಡ್ರೈವ್ ಕೊಟ್ಟು ಬಂದರೆ ಮುಂದೆ ಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ.

ಕಳುವಾದ ಸಾಮಾನಿಗೆ ಪಡೆದಿದ್ದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಗುವ ವಜಾ) ವಾಪಸ್ ಕಟ್ಟಬೇಕು ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಕಳ್ಳನಿಗೂ ಹೋಯಿತು, ಸರ್ಕಾರಕ್ಕೂ ಹೋಯಿತು.

ಹರಿಹರದ ಯಜಮಾನರು ಪೊಲೀಸಿಗೆ ಹೋಗಲಿಲ್ಲ. ಅವನು ಕೆಲಸ ಬಿಟ್ಟ, ತಿಂಗಳು ತಿಂಗಳು ಸ್ವಲ್ಪ ಕಟ್ಟುತ್ತೇನೆ ಅಂತ ಬರೆದುಕೊಟ್ಟ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದರು. ನಾನು ತಿಂಗಳ ಸಂಬಳ 18ನೇ ತಾರೀಖು ಕೊಡುವುದನ್ನು ನಿಲ್ಲಿಸಿ, 1ಕ್ಕೆ ಕೊಡಿ ಅಂದೆ. ಅವರಿಗೆ ಆ ಮಾತು ಅಷ್ಟು ಹಿಡಿಸಲಿಲ್ಲ.

ತೂತು ಮುಚ್ಚಿದ ಮೇಲೆ

ಕ್ಯಾನ್ಸಲ್ ಮಾಡಲು ಯಜಮಾನರ ಮೊಬೈಲಿಗೆ ಬರುವ ಓಟಿಪಿ ಬೇಕು ಅಂತ ಮಾಡಿಸಿದೆವು. ಬಿಲ್ ಕೊಡದಿದ್ದರೆ ನಮಗೆ ತಿಳಿಸಿ ಅಂತ ಗಿರಾಕಿಗಳಿಗೆ ಕಾಣುವ ಹಾಗೆ ಬೋರ್ಡ್ ಹಾಕಿದೆವು. ಅಲ್ಲಿಗೆ ಮುಗಿಯಿತು ಅಂತ ಜನ ಎಣಿಸುವುದು ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ರಿಪೇರಿ ಆದ ಮೇಲೆ ಲೈನ್ ಹಾಕಿ ನೋಡಬೇಕಲ್ಲ, ಹಾಗೆ ಅದೇ ಹದಿನೈದು ಐಟಂ ಇನ್ನೊಂದು ತಿಂಗಳು ಎಣಿಸಿ. ಕೊರತೆ ನಿಲ್ಲದಿದ್ದರೆ ಹಿಡಿದದ್ದು ತಪ್ಪು ಮನುಷ್ಯನನ್ನ, ಇಲ್ಲವೇ ಇನ್ನೊಬ್ಬರಿದ್ದಾರೆ.

ಹರಿಹರದಲ್ಲಿ ಹದಿನಾಲ್ಕು ಐಟಂ ಸರಿಯಾದವು. ಗೋಡಂಬಿ ಮಾತ್ರ ವಾರಕ್ಕೆ ಮೂರು ನಾಲ್ಕು ಪ್ಯಾಕೆಟ್ ಕಮ್ಮಿ ಬರುತ್ತಲೇ ಇತ್ತು. 100 ಗ್ರಾಂ ಪ್ಯಾಕೆಟ್, ಹಗಲು ಹೊತ್ತು, ಭಾನುವಾರ ಮಾತ್ರ ಇಲ್ಲ. ಯಜಮಾನರಿಗೆ ಮತ್ತೆ ಸಿಟ್ಟು, ರ‍್ಯಾಕಿನ ಹುಡುಗಿಯ ಹೆಸರು ಬಾಯಿಗೆ ಬಂತು. ನಾನು ದಿನ ಮತ್ತು ಹೊತ್ತು ಬರೆದ ಹಾಳೆ ಇಟ್ಟುಕೊಂಡು ಕ್ಯಾಮೆರಾ ಹಾಕಿದೆ. ನಾಲ್ಕೂ ಕಾಲು ಗಂಟೆ. ಯಜಮಾನರ ತಂದೆ ದಿನದ ಹಾಗೆ ಬಂದು ಸ್ಟೂಲ್ ಮೇಲೆ ಕೂತಿದ್ದಾರೆ. ಮೊಮ್ಮಗ ಸ್ಕೂಲ್ ಬ್ಯಾಗ್ ಹೊತ್ತು ಓಡಿ ಬರುತ್ತಾನೆ. ತಾತ ಎದ್ದು, ಆ ಕಡೆ ಈ ಕಡೆ ನೋಡಿ, ಒಂದು ಪ್ಯಾಕೆಟ್ ತೆಗೆದು ಬ್ಯಾಗಿನ ಪಕ್ಕದ ಜೇಬಿಗೆ ಹಾಕುತ್ತಾರೆ.

ಯಜಮಾನರು ಎರಡು ಸಲ ನೋಡಿದರು. "ಅಪ್ಪಾಜಿಗೆ ನಾನು ಹೇಳಲ್ಲ, ನೀವೇ ಹೇಳಿ" ಅಂದರು. ಈಗ ಮೊದಲನೇ ಕೌಂಟರಿನ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್ ನೇತಾಡುತ್ತಿದೆ, ಮೇಲೆ 'ಮನೆ' ಅಂತ ಬರೆದಿದೆ. ಮೊದಲ ಸಾಲು ತಾತನದೇ ಅಕ್ಷರ: ಗೋಡಂಬಿ 1.